ಕೈಕೆಲಸದ ಫಲ ಆಕೆಗೇ ಸಲ್ಲಲಿ

ಮಾರ್ಚ್ ಆರಂಭ ಎಂದರೆ ಕೊಡಗಿನಲ್ಲಿ ರೋಬಸ್ಟಾ ಕಾಫಿ ಕುಯ್ಲಿನ ಕೊನೆ. ಮಹಿಳಾ ದಿನ ಬರುವುದೂ ಆಗಲೇ. ಆ ಭಾನುವಾರ ಚರ್ಚಿನಲ್ಲಿ ಜ್ಞಾನೋಕ್ತಿಗಳು 31ನೇ ಅಧ್ಯಾಯ ಓದುವ ರೂಢಿ ಹಲವು ಕಡೆ ಇದೆ. ಗುಣವತಿಯಾದ ಸತಿಯ ವರ್ಣನೆ 10ನೇ ವಚನದಿಂದ 31ನೇ ವಚನದವರೆಗೆ ಒಟ್ಟು 22 ವಚನ. ಹೀಬ್ರೂ ಅಕ್ಷರಮಾಲೆಯಲ್ಲಿರುವುದೂ 22 ಅಕ್ಷರ, ಒಂದೊಂದು ವಚನ ಒಂದೊಂದು ಅಕ್ಷರದಿಂದ ಕ್ರಮವಾಗಿ ಶುರುವಾಗುತ್ತದೆ. ಪ್ರಸಂಗಗಳು ಸಾಮಾನ್ಯವಾಗಿ ನಡುವಿನ ವಚನಗಳಲ್ಲಿ ನಿಲ್ಲುತ್ತವೆ: ಇನ್ನೂ ಕತ್ತಲಿರುವಾಗಲೇ ಏಳುತ್ತಾಳೆ, ಮನೆಯವರಿಗೆ ಊಟ ಹಂಚುತ್ತಾಳೆ, ರಾತ್ರಿ ದೀಪ ಆರಿಸುವುದಿಲ್ಲ. ಕೊನೆಯ ವಚನದ ಮೇಲೆ ಪ್ರಸಂಗ ಕೇಳಸಿಗುವುದು ಅಪರೂಪ. ಆಕೆಯ ಕೈಕೆಲಸದ ಫಲವನ್ನು ಆಕೆಗೆ ಕೊಡಿ, ಆಕೆಯ ಕೆಲಸವೇ ಊರಬಾಗಿಲಲ್ಲಿ ಆಕೆಯನ್ನು ಹೊಗಳಲಿ ಎಂಬುದು ಅದರ ಅರ್ಥ. ಅದು ಹೆಣ್ಣಿಗೆ ಹೇಳಿದ ಮಾತಲ್ಲ. ಸಂಬಳ ಕೊಡುವ, ಲೆಕ್ಕ ಬರೆಯುವ, ಸಭೆಯಲ್ಲಿ ಹೆಸರು ಹೇಳುವ ಸ್ಥಾನದಲ್ಲಿ ಇರುವವರಿಗೆ ಕೊಟ್ಟ ಆಜ್ಞೆ. ಆ ಕಾಲದ ಊರಬಾಗಿಲು ಎಂದರೆ ಹಿರಿಯರು ಕೂತು ನ್ಯಾಯ ತೀರಿಸುವ, ವ್ಯಾಪಾರ ಕುದುರಿಸುವ ಜಾಗ.

ಈ ಬರಹ ಆ ಒಂದು ವಚನದ ಬಗ್ಗೆ. ತೋಟ, ಹೋಂಸ್ಟೇ, ಶಾಲೆ, ಚರ್ಚಿನ ಸಂಸ್ಥೆ, ಯಾವುದನ್ನು ನಡೆಸುವವರೇ ಆಗಲಿ, ಕ್ರೈಸ್ತ ನಂಬಿಕೆಯಿಂದ ನಡೆಸುತ್ತೇವೆ ಎನ್ನುವವರು ಅದನ್ನು ದಿನದ ಕೆಲಸದಲ್ಲಿ ಹೇಗೆ ಪಾಲಿಸಬಹುದು ಎಂಬುದರ ಬಗ್ಗೆ.

ಮೊದಲು ಎರಡು ಪದಗಳು. 'ಗುಣವತಿ' ಎಂದು ನಮ್ಮ ಕನ್ನಡ ಬೈಬಲಿನಲ್ಲಿ ಬಂದಿರುವ ಕಡೆ ಮೂಲದಲ್ಲಿರುವುದು 'ಹಯಿಲ್' ಎಂಬ ಶಬ್ದ. ಬಲ, ಪರಾಕ್ರಮ, ಸಾಮರ್ಥ್ಯ ಎಂದು ಅದರ ಅರ್ಥ. ಸೈನ್ಯಕ್ಕೂ ಅದೇ ಶಬ್ದ ಬಳಕೆಯಲ್ಲಿತ್ತು. ರೂತಳ ಪುಸ್ತಕದ 2ನೇ ಅಧ್ಯಾಯದ ಮೊದಲ ವಚನದಲ್ಲಿ ಹೊಲದ ಯಜಮಾನ ಬೋವಜನನ್ನು ವರ್ಣಿಸುವಾಗ ಈ ಶಬ್ದ ಬರುತ್ತದೆ. 3ನೇ ಅಧ್ಯಾಯದ 11ನೇ ವಚನದಲ್ಲಿ ಅದೇ ಬೋವಜ ಕೊಯ್ಲಿನ ಹಿಂದೆ ಬಿದ್ದ ತೆನೆ ಆರಿಸಲು ಬಂದ ರೂತಳಿಗೆ ಅದೇ ಶಬ್ದ ಬಳಸುತ್ತಾನೆ. ಯಜಮಾನನಿಗೂ ಹಕ್ಕಲಾಯುವವಳಿಗೂ ಒಂದೇ ಮಾತು. ಇನ್ನೊಂದು ಪದ ಆದಿಕಾಂಡ 2:18ರ 'ಸಹಕಾರಿ'. ಮೂಲದಲ್ಲಿ 'ಏಜೆರ್'. ಹಳೆ ಒಡಂಬಡಿಕೆಯಲ್ಲಿ ಇದು 21 ಸಲ ಬರುತ್ತದೆ, ಅದರಲ್ಲಿ ಹೆಚ್ಚಿನವು ದೇವರಿಗೇ ಸಲ್ಲುವ ಮಾತು. 'ನನ್ನ ಸಹಾಯ ಎಲ್ಲಿಂದ ಬರುವುದು' ಎಂದು ಬೆಟ್ಟಗಳತ್ತ ಕಣ್ಣೆತ್ತುವ 121ನೇ ಕೀರ್ತನೆಯಲ್ಲಿ ಇರುವುದೂ ಇದೇ ಶಬ್ದ. ಕೈ ಕೆಳಗಿನ ಆಳು ಎಂಬುದು ಅದರ ಅರ್ಥವಲ್ಲ. ದಾರಿ ಕಾಣದೆ ನಿಂತವನಿಗೆ ಬಲವಾಗಿ ಬರುವುದು ಎಂಬುದೇ ಅದರ ಭಾವ.

ಹಾಗಾದರೆ ಹೆಣ್ಣಿಗೆ ಬೇರೆ ವರ, ಗಂಡಿಗೆ ಬೇರೆ ವರ ಎಂದು ಇದೆಯೇ? 1 ಕೊರಿಂಥದವರಿಗೆ 12ನೇ ಅಧ್ಯಾಯದಲ್ಲಿ ಪೌಲನು ವರಗಳನ್ನು ಪಟ್ಟಿ ಮಾಡುವಾಗ ಇದು ಗಂಡಸರದು, ಇದು ಹೆಂಗಸರದು ಎಂದು ಗೆರೆ ಎಳೆಯಲಿಲ್ಲ. ಆತ್ಮನು ತನಗೆ ಇಷ್ಟ ಬಂದಂತೆ ಹಂಚುತ್ತಾನೆ ಎಂದಷ್ಟೇ ಬರೆದ. ಯೆರೂಸಲೇಮಿನ ಗೋಡೆ ಕಟ್ಟುವಾಗ ಶಲ್ಲೂಮನ ಹೆಣ್ಣುಮಕ್ಕಳೂ ಕೈಜೋಡಿಸಿದರು ಎಂದು ನೆಹೆಮೀಯ 3:12 ದಾಖಲಿಸುತ್ತದೆ. ಭಾರದ ಕೆಲಸ ಹೆಂಗಸರಿಗೆ ಆಗದು ಎಂಬ ಮಾತು ಅಲ್ಲಿಗೇ ನಿಲ್ಲುತ್ತದೆ. ಆದರೂ ಬೈಬಲಿನ ಹೆಂಗಸರನ್ನು ಒಬ್ಬೊಬ್ಬರಾಗಿ ಅವರ ಕೆಲಸದ ಜಾಗದಲ್ಲಿ ನಿಲ್ಲಿಸಿ ನೋಡಿದರೆ ಕೆಲವು ಸಾಮರ್ಥ್ಯಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಅವು ಹುಟ್ಟಿನಿಂದ ಬಂದವೋ, ಬದುಕು ಕಲಿಸಿದವೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಹೇಗೆ ಬಂದರೂ ಕೊಟ್ಟವನು ದೇವರು. ಗುರುತಿಸಿ, ಅಧಿಕಾರ ಕೊಟ್ಟು, ಕೂಲಿ ಕೊಡಬೇಕಾದವರು ನಾವು.

ಮೊದಲನೆಯದು ಬೆಲೆ ಕಟ್ಟುವ ಕಣ್ಣು. ಜ್ಞಾನೋಕ್ತಿ 31:16ರ ಹೆಂಗಸು ಹೊಲವನ್ನು ನೋಡಿ, ಯೋಚಿಸಿ, ಕೊಂಡುಕೊಳ್ಳುತ್ತಾಳೆ. ಕೈಯ ಸಂಪಾದನೆಯಿಂದ ದ್ರಾಕ್ಷಿ ತೋಟ ಹಾಕುತ್ತಾಳೆ. 18ನೇ ವಚನದಲ್ಲಿ ತನ್ನ ವ್ಯಾಪಾರ ಲಾಭಕರ ಎಂದು ಸ್ವತಃ ಪರೀಕ್ಷಿಸಿ ತಿಳಿಯುತ್ತಾಳೆ. ಇದು ಅಡುಗೆಮನೆಯ ವರ್ಣನೆಯಲ್ಲ, ಬಂಡವಾಳ ಹೂಡುವವಳ ವರ್ಣನೆ.

ನಮ್ಮ ತೋಟಗಳಲ್ಲಿ ಈ ಕಣ್ಣು ಎಲ್ಲಿ ಕೆಲಸ ಮಾಡುತ್ತದೆ? ಅರೇಬಿಕಾ ಕಾಫಿಯ ಕುಯ್ಲಿನಲ್ಲಿ ನೋಡಿ. ಹಣ್ಣು ಒಟ್ಟಿಗೆ ಕೆಂಪಾಗುವುದಿಲ್ಲ, ಹತ್ತು ಹದಿನೈದು ದಿನಕ್ಕೊಂದು ಸುತ್ತಿನಂತೆ ಕೆಂಪಾದದ್ದನ್ನಷ್ಟೇ ಬಿಡಿಸಬೇಕು. ಹಸಿರು ಕಾಯಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ನಲ್ಲಿ ಸಿಪ್ಪೆ ಬಿಡುವುದಿಲ್ಲ, ಜಜ್ಜಿ ಒಡೆಯುತ್ತದೆ, ಕುಡಿಯುವ ಕಾಫಿಯಲ್ಲಿ ಒಗರು ಬರುತ್ತದೆ. ಹಣ್ಣಾಗಿ ಮೀರಿದ್ದು ಚೀಲದಲ್ಲೇ ಹುಳಿಯುತ್ತದೆ. ಒಂದೊಂದು ಗೊಂಚಲಿನ ಮುಂದೆ ಕೈ ಅರೆಗಳಿಗೆಯಲ್ಲಿ ತೀರ್ಮಾನ ಮಾಡಬೇಕು. ಬಿಡಿಸಿದ್ದನ್ನು ಅದೇ ದಿನ ಪಲ್ಪ್ ಮಾಡಿ, ತೊಟ್ಟಿಯಲ್ಲಿ ಹುದುಗಲು ಬಿಟ್ಟ ಮೇಲೆ ಅರೇಬಿಕಾಕ್ಕೆ ಸಾಧಾರಣ 24ರಿಂದ 36 ಗಂಟೆ ಬೇಕು, ಚಳಿ ಹೆಚ್ಚಿದ್ದರೆ ಇನ್ನೂ ತಡ. ಲೋಳೆ ಬಿಟ್ಟಿದೆಯೇ ಎಂದು ತಿಳಿಯಲು ಗಡಿಯಾರ ಸಾಲದು. ಒಂದು ಹಿಡಿ ತೊಳೆದು ಮುಷ್ಟಿಯಲ್ಲಿ ಒತ್ತಿದಾಗ ಜಾರದೆ ಸಣ್ಣ ಜಲ್ಲಿಯ ಹಾಗೆ ಗರಗರ ಎನ್ನಬೇಕು. ಹೊತ್ತು ಮೀರಿದರೆ ಬೀಜಕ್ಕೆ ಹುಳಿ ವಾಸನೆ ಹಿಡಿಯುತ್ತದೆ, ಆಮೇಲೆ ಎಷ್ಟು ಒಣಗಿಸಿದರೂ ಹೋಗುವುದಿಲ್ಲ. ಕಣದಲ್ಲಿ ಚೆರಿ, ಅಂದರೆ ಸಿಪ್ಪೆ ಸಮೇತ ಹರಡಿದ ಹಣ್ಣು, ಒಣಗಿದೆಯೇ ಎಂದು ಹೇಳುವುದೂ ಕೈಯೇ. ಹಿಡಿಯಷ್ಟು ಎತ್ತಿ ಅಲ್ಲಾಡಿಸಿದರೆ ಒಳಗೆ ಗಿಲಕಿಯ ಸದ್ದು ಕೇಳಬೇಕು. ತೇವಾಂಶ ಅಳೆಯುವ ಮೀಟರ್ ತೊಳೆದು ಒಣಗಿಸಿದ ಬೀಜವಾದ ಪಾರ್ಚ್‌ಮೆಂಟಿಗೆ ಶೇ 10, ರೋಬಸ್ಟಾ ಚೆರಿಗೆ ಶೇ 11 ತೋರಿಸಬೇಕು ಎಂಬುದು ನಿಯಮ. ಮೀಟರ್ ಇಲ್ಲದ ಸಣ್ಣ ತೋಟಗಳಲ್ಲಿ ಆ ನಿರ್ಧಾರ ವರ್ಷಗಟ್ಟಲೆ ಕಣದಲ್ಲಿ ಕಾಲಾಡಿಸಿದ ಹೆಂಗಸಿನ ಅಂಗೈಯಲ್ಲಿದೆ.

ಆದರೆ ಆ ಅಂಗೈಗೆ ಮಾತಿನ ಹಕ್ಕಿದೆಯೇ? ಬಹಳ ತೋಟಗಳಲ್ಲಿ ಇಲ್ಲ. ತೊಟ್ಟಿ ಯಾವಾಗ ತೊಳೆಯಬೇಕು ಎಂದು ಹೇಳುವವರು ತೋಟದ ಲೆಕ್ಕ ನೋಡುವ ರೈಟರ್, ಚೀಲ ಯಾವಾಗ ಕಟ್ಟಬೇಕು ಎಂದು ಹೇಳುವವರು ಮೇಸ್ತ್ರಿ. ಮೊದಲ ಬದಲಾವಣೆ ಇಲ್ಲಿಂದ ಮಾಡಿ. ಕಣದ ಹೊಣೆಯನ್ನು ಒಬ್ಬ ಹೆಂಗಸಿಗೆ ಹೆಸರಿಟ್ಟು ಕೊಡಿ. ಆಕೆ 'ಆಯಿತು' ಎನ್ನದೆ ಚೀಲ ಕಟ್ಟುವಂತಿಲ್ಲ ಎಂದು ಎಲ್ಲರ ಎದುರು ಹೇಳಿ, ಆ ಹೊಣೆಗೆ ದಿನಕ್ಕೆ ಇಷ್ಟು ಎಂದು ಕೂಲಿಯ ಮೇಲೆ ಸೇರಿಸಿ. ಹೊಣೆ ಕೊಟ್ಟು ಕೂಲಿ ಸೇರಿಸದಿದ್ದರೆ ಅದು ಕೆಲಸ ಹೇರಿದಂತೆ ಆಗುತ್ತದೆ.

ಎರಡನೇ ಜಾಗ ತಕ್ಕಡಿ. ಕಿಲೋ ಲೆಕ್ಕದಲ್ಲಿ ಕೂಲಿ ಇರುವಾಗ ಸಂಜೆಯ ತೂಕವೇ ದಿನದ ನ್ಯಾಯಸ್ಥಾನ. ಮೋಸದ ತ್ರಾಸು ದೇವರಿಗೆ ಅಸಹ್ಯ ಎಂದು ಜ್ಞಾನೋಕ್ತಿ 11:1 ಹೇಳುವುದು ಇದನ್ನೇ. ಮೋಸ ಮಾಡುವ ಮನಸ್ಸು ಇಲ್ಲದ ಕಡೆಯಲ್ಲೂ ತೂಕ ತಪ್ಪುತ್ತದೆ. ತಕ್ಕಡಿ ಮಟ್ಟದ ನೆಲದಲ್ಲಿ ಇರುವುದಿಲ್ಲ, ಚೀಲದ ತೂಕಕ್ಕೆಂದು ಒದ್ದೆ ಗೋಣಿಗೂ ಪ್ಲಾಸ್ಟಿಕ್ ಚೀಲಕ್ಕೂ ಒಂದೇ ಸಂಖ್ಯೆ ಕಳೆಯುತ್ತಾರೆ, ಅರ್ಧ ಕಿಲೋ ಇದ್ದರೆ ಬಿಟ್ಟು ಬರೆಯುತ್ತಾರೆ. ನಲವತ್ತು ಜನ ಬಿಡಿಸುವ ತೋಟದಲ್ಲಿ ತಲೆಗೆ ದಿನಕ್ಕೆ ಅರ್ಧ ಕಿಲೋ ಬಿಟ್ಟರೆ ದಿನಕ್ಕೆ 20 ಕಿಲೋ, ಆರು ದಿನದ ವಾರಕ್ಕೆ 120 ಕಿಲೋ. ಅಷ್ಟು ಹಣ್ಣು ಬಿಡಿಸಿದ ಕೈಗಳಿಗೆ ಕೂಲಿ ಇಲ್ಲ. ಸರಿಪಡಿಸುವುದು ಕಷ್ಟವಲ್ಲ. ದಿನಾ ಸಂಜೆ ತೂಕ ಶುರುವಾಗುವ ಮೊದಲು 20 ಕಿಲೋದ ಮುದ್ರೆ ಇರುವ ತೂಕದ ಕಲ್ಲನ್ನು ಇಟ್ಟು ಎಲ್ಲರಿಗೂ ಕಾಣುವಂತೆ ಪರೀಕ್ಷಿಸಿ. ಬರಿ ಚೀಲವನ್ನು ಬೆಳಿಗ್ಗೆಯೇ ತೂಗಿ ಅದರ ಮೇಲೆ ಬಣ್ಣದಲ್ಲಿ ಬರೆದುಬಿಡಿ. ನೂರು ಗ್ರಾಂವರೆಗೆ ಬರೆಯಿರಿ. ಚೀಟಿ ಎರಡು ಇರಲಿ, ಒಂದು ಬಿಡಿಸಿದವಳ ಕೈಗೆ. ಪುಸ್ತಕ ಹಿಡಿಯುವವರಲ್ಲಿ ಒಬ್ಬರಾದರೂ ಬಿಡಿಸುವ ಹೆಂಗಸರಿಂದಲೇ ಬಂದವರಾಗಿರಲಿ. ಅಕ್ಷರ ಬರುವುದಿಲ್ಲ ಎಂಬ ನೆಪ ಬೇಡ, ಸಂಖ್ಯೆ ಓದಲು ಬಂದರೆ ಸಾಕು, ಹೆಸರಿನ ಬದಲು ಹಾಜರಿ ನಂಬರ್ ಬರೆಯಬಹುದು.

ಹಸಿರು ಕಾಯಿ ಬೆರೆತಿದೆ ಎಂದು ಬೈಯುವ ಮೊದಲು ಅಳೆಯಿರಿ. ಚೀಲದ ಮೇಲಿನಿಂದ ತೆಗೆಯದೆ ನಡುವಿನಿಂದ ಒಂದು ಕಿಲೋ ತೆಗೆದು ಹಸಿರನ್ನು ಆರಿಸಿ ತೂಗಿದರೆ 50 ಗ್ರಾಂ ಎಂದರೆ ಶೇ 5. ಸಂಖ್ಯೆ ಎದುರಿಗಿದ್ದಾಗ ಜಗಳ ಕಡಿಮೆ. ಮುಖ್ಯವಾಗಿ, ಶುದ್ಧವಾಗಿ ಬಿಡಿಸಿದವಳು ಯಾರು ಎಂಬುದೂ ಗೊತ್ತಾಗುತ್ತದೆ. ಬರೀ ತೂಕಕ್ಕೆ ಕೂಲಿ ಕೊಟ್ಟರೆ ಗೊಂಚಲನ್ನು ಸೆಳೆದು ಕಿತ್ತವರಿಗೆ ಲಾಭ, ನೋಡಿ ಬಿಡಿಸಿದವಳಿಗೆ ನಷ್ಟ. ಆಕೆಯ ಕಣ್ಣು ದೇವರ ವರ ಎಂದು ನಂಬುವ ಯಜಮಾನರು ಆ ಕಣ್ಣಿಗೇ ದಂಡ ಹಾಕುವಂಥ ಲೆಕ್ಕ ಇಟ್ಟುಕೊಳ್ಳಬಾರದು. ಹಸಿರು ಶೇ 3ರ ಒಳಗಿದ್ದರೆ ಕಿಲೋಗೆ ಇಷ್ಟು ಹೆಚ್ಚು ಎಂದು ಕುಯ್ಲಿನ ಮೊದಲ ದಿನವೇ ಹೇಳಿ, ಕೊನೆವರೆಗೆ ಬದಲಿಸಬೇಡಿ.

ಎರಡನೇ ವರ, ಕೆಟ್ಟ ಸುದ್ದಿ ಮೊದಲು ತಲುಪುವ ಕಿವಿ. 1 ಸಮುವೇಲನು 25ರಲ್ಲಿ, ಆಹಾರ ಕೇಳಿದಾಗ ಬೈದು ಕಳಿಸಿದ ನಾಬಾಲನ ಮನೆಗೆ ದಾವೀದನು ನಾನೂರು ಜನರೊಂದಿಗೆ ಕತ್ತಿ ಕಟ್ಟಿ ಹೊರಟಿದ್ದಾನೆ. ಆಳೊಬ್ಬ ಈ ಸುದ್ದಿಯನ್ನು ಯಜಮಾನನಿಗೆ ಹೇಳುವುದಿಲ್ಲ, ಯಜಮಾನನ ಹೆಂಡತಿ ಅಬೀಗೈಲಳ ಹತ್ತಿರ ಓಡುತ್ತಾನೆ. ಕಾರಣವನ್ನೂ ಅವನೇ ಹೇಳುತ್ತಾನೆ: ಯಜಮಾನನ ಹತ್ತಿರ ಯಾರೂ ಮಾತನಾಡಲಾಗದು. ಆಕೆ ಕೂಡಲೇ 200 ರೊಟ್ಟಿ, ಎರಡು ಬುದ್ದಲಿ ದ್ರಾಕ್ಷಾರಸ, ಸಿದ್ಧಪಡಿಸಿದ ಐದು ಕುರಿ, ಹುರಿದ ಧಾನ್ಯ, 100 ಗೊಂಚಲು ಒಣದ್ರಾಕ್ಷಿ, 200 ಅಂಜೂರದ ಉಂಡೆ ಕತ್ತೆಗಳ ಮೇಲೆ ಹೇರಿಸಿ ಎದುರು ಹೋಗುತ್ತಾಳೆ. ಅಷ್ಟನ್ನು ಅಷ್ಟು ಬೇಗ ಹೊರಡಿಸಬೇಕಾದರೆ ಉಗ್ರಾಣದಲ್ಲಿ ಏನೆಷ್ಟಿದೆ ಎಂಬುದು ಆಕೆಗೆ ಬಾಯಿಪಾಠ ಇದ್ದಿರಬೇಕು. ಕಾನಾ ಊರಿನ ಮದುವೆಯಲ್ಲೂ ದ್ರಾಕ್ಷಾರಸ ಮುಗಿದದ್ದನ್ನು ಗಮನಿಸಿ ಯೇಸುವಿಗೆ ಹೇಳಿದವಳು ಮರಿಯಳು.

ತೋಟದಲ್ಲಿ ಇಂಥ ಸುದ್ದಿ ಯಾವುವು? ಮೆಣಸಿನ ಏಣಿಯ ಮೆಟ್ಟಿಲು ಸಡಿಲವಾಗಿದೆ. ಕೆಳಗಿನ ತೋಡಿನ ಪಕ್ಕ ಆನೆ ಲದ್ದಿ ಹಸಿಯಾಗಿದೆ. ಯಾವುದೋ ಗಿಡದಲ್ಲಿ ಕಣಜದ ಗೂಡಿದೆ. ಕೆಲಸದವರ ಸಾಲುಮನೆಯಾದ ಲೈನ್ ಮನೆಯಲ್ಲಿ ಮಗುವಿಗೆ ಮೂರು ದಿನದಿಂದ ಜ್ವರ. ಔಷಧ ಹೊಡೆದವನಿಗೆ ತಲೆಸುತ್ತು. ಮೇಸ್ತ್ರಿ ಬಟವಾಡೆಯಲ್ಲಿ ತಲೆಗಿಷ್ಟು ಹಿಡಿಯುತ್ತಿದ್ದಾನೆ. ಇವೆಲ್ಲ ಸೌದೆಗೆ, ನೀರಿಗೆ ಹೋಗುವ ಹೆಂಗಸರಿಗೆ ಹಿಂದಿನ ದಿನವೇ ಗೊತ್ತಿರುತ್ತವೆ. ಯಜಮಾನರಿಗೆ ತಿಳಿಯುವುದು ಅನಾಹುತ ಆದ ಮೇಲೆ. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ ಕಡೆಯ ತೋಟಗಳಲ್ಲಿ ಆನೆಯ ಸುದ್ದಿ ಅರ್ಧ ಗಂಟೆ ಮೊದಲು ಸಿಕ್ಕರೆ ಒಂದು ಜೀವ ಉಳಿಯುತ್ತದೆ ಎಂಬುದನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಾಡಬೇಕಾದದ್ದು ಇಷ್ಟು. ಬೆಳಗಿನ ಹಾಜರಿಯಲ್ಲಿ ಹತ್ತು ನಿಮಿಷ ಇದಕ್ಕೇ ಇಡಿ. ಹಾಜರಿ ಕರೆಯುವ ಮೊದಲೇ ಕೇಳಿ, ಕೆಲಸ ಹಂಚಿದ ಮೇಲೆ ಕೇಳಿದರೆ ಎಲ್ಲರ ಕಾಲೂ ತೋಟದತ್ತ ತಿರುಗಿರುತ್ತದೆ. 'ಏನಾದರೂ ಸಮಸ್ಯೆ ಇದೆಯಾ?' ಎಂಬ ಪ್ರಶ್ನೆಗೆ ಉತ್ತರ ಯಾವಾಗಲೂ 'ಇಲ್ಲ ಸಾವ್ಕಾರ್ರೇ' ಎಂದೇ. 'ನಿನ್ನೆ ಸಂಜೆ ತೋಡಿನ ಕಡೆ ಹೋದವರು ಯಾರು, ಏನು ಕಂಡಿತು?' ಎಂದು ನಿರ್ದಿಷ್ಟವಾಗಿ ಕೇಳಿ. ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ, ಸಂಜೆಯೊಳಗೆ ಏನು ಮಾಡಿದಿರಿ ಎಂದು ಹೇಳಿದವಳಿಗೇ ತಿಳಿಸಿ. ಇದೊಂದು ತಪ್ಪಿದರೆ ಎರಡನೇ ವಾರದಿಂದ ಯಾರೂ ಬಾಯಿ ಬಿಡುವುದಿಲ್ಲ. ಯೆರವರು, ಕುರುಬರು, ತಮಿಳು ಕುಟುಂಬಗಳು, ಅಸ್ಸಾಮಿನಿಂದ ಬಂದವರು ಒಂದೇ ತೋಟದಲ್ಲಿ ಇರುವಾಗ ಒಂದೊಂದು ಗುಂಪಿನಿಂದ ಒಬ್ಬ ಹೆಂಗಸು ಮಾತನಾಡುವಂತೆ ನೋಡಿಕೊಳ್ಳಿ. ಭಾಷೆ ಬಾರದವರ ಸುದ್ದಿ ಕೊನೆಗೂ ತಲುಪದೆ ಉಳಿಯುತ್ತದೆ.

ಮೂರನೆಯದು ಕೆಲಸವನ್ನು ಕೈಯಿಂದ ಕೈಗೆ ದಾಟಿಸುವ ವರ. ಗುಡಾರ ಹೊಲಿಯುವ ಕಸುಬಿನ ಪ್ರಿಸ್ಕಿಲ್ಲಳು ಗಂಡ ಅಕ್ವಿಲನ ಜೊತೆ ಕೂತು ವಿದ್ವಾಂಸನಾದ ಅಪೊಲ್ಲೋಸನಿಗೆ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದಳು. ಹೊಸ ಒಡಂಬಡಿಕೆಯಲ್ಲಿ ಆ ದಂಪತಿಯ ಹೆಸರು ಬರುವ ಆರು ಕಡೆಗಳಲ್ಲಿ ನಾಲ್ಕರಲ್ಲಿ ಆಕೆಯ ಹೆಸರೇ ಮೊದಲು. ಹೊಸದಾಗಿ ಕುಯ್ಲಿಗೆ ಬಂದವರನ್ನು ಅನುಭವಿ ಹೆಂಗಸಿನ ಪಕ್ಕದ ಸಾಲಿಗೆ ಮೂರು ದಿನ ಬಿಟ್ಟರೆ ಮುಂದೆ ಹಸಿರು ಕಾಯಿಯ ಜಗಳವೇ ಇರುವುದಿಲ್ಲ. ಆದರೆ ಕಲಿಸುವವಳ ತೂಕ ಆ ಮೂರು ದಿನ ಇಳಿಯುತ್ತದೆ. ಆಕೆಯ ಹಿಂದಿನ ವಾರದ ಸರಾಸರಿ ಕೂಲಿಯನ್ನು ಆ ದಿನಗಳಿಗೆ ಕಟ್ಟಿಕೊಡಬೇಕು. ಇಲ್ಲದಿದ್ದರೆ ಕಲಿಸಿದ್ದಕ್ಕೆ ಆಕೆಯೇ ಹಣ ಕೊಟ್ಟಂತೆ.

ಒಬ್ಬ ಹೆಂಗಸಿನಲ್ಲಿ ಯಾವ ವರ ಇದೆ ಎಂದು ತಿಳಿಯುವುದು ಹೇಗೆ? 'ನಿನಗೆ ಏನು ಚೆನ್ನಾಗಿ ಬರುತ್ತೆ?' ಎಂದು ಕೇಳಿದರೆ 'ನನಗೇನು ಬರುತ್ತೆ, ಎಲ್ಲರಂತೆ' ಎನ್ನುತ್ತಾರೆ. ಮೂರು ವಾರ ಗಮನಿಸಿ ಬರೆಯಿರಿ. ಸಂದೇಹ ಬಂದಾಗ ಉಳಿದವರು ಯಾರ ಮುಖ ನೋಡುತ್ತಾರೆ? ಯಾರು ಮಾಡಿದ ಕೆಲಸವನ್ನು ಮತ್ತೆ ಮಾಡಬೇಕಾಗಿ ಬರುವುದಿಲ್ಲ? ಆಕೆ ರಜೆ ಹಾಕಿದ ದಿನ ಎಲ್ಲಿ ತೊಡಕಾಗುತ್ತದೆ? ಆಮೇಲೆ ಒಂದೇ ಪ್ರಶ್ನೆ ಕೇಳಿ: 'ಯಾವ ಕೆಲಸವನ್ನು ಬೇರೆಯವರು ಮಾಡಿದರೆ ನಿಮಗೆ ಸಮಾಧಾನ ಆಗೋದಿಲ್ಲ?' ಉತ್ತರ ಅಲ್ಲಿ ಸಿಗುತ್ತದೆ. ಶಾಲೆ, ಆಸ್ಪತ್ರೆ, ಬ್ಯಾಂಕು, ಎಲ್ಲಿ ಕೇಳಿದರೂ ಈ ಪ್ರಶ್ನೆ ಫಲ ಕೊಡುತ್ತದೆ.

ಈಗ ಬೋವಜನ ಹೊಲಕ್ಕೆ ಬರೋಣ. ರೂತಳು 2ನೇ ಅಧ್ಯಾಯವನ್ನು ಪ್ರೇಮಕಥೆಯ ಪೀಠಿಕೆಯೆಂದು ಓದುತ್ತೇವೆ. ಅದನ್ನು ಕೆಲಸದ ಜಾಗದ ನಿಯಮಾವಳಿ ಎಂದು ಓದಿ ನೋಡಿ. ರೂತ್ ಪರದೇಶದವಳು, ವಿಧವೆ, ಒಬ್ಬಳೇ ಬಂದವಳು. ಬೋವಜ ಮಾಡಿದ್ದೇನು? ಹೆಣ್ಣಾಳುಗಳ ಜೊತೆಯಲ್ಲೇ ಇರು, ಬೇರೆ ಹೊಲಕ್ಕೆ ಹೋಗಬೇಡ ಎಂದ. ನಿನ್ನನ್ನು ಮುಟ್ಟಬಾರದೆಂದು ಗಂಡಾಳುಗಳಿಗೆ ಅಪ್ಪಣೆ ಕೊಟ್ಟಿದ್ದೇನೆ ಎಂದ. ಬಾಯಾರಿದರೆ ಆಳುಗಳು ತುಂಬಿಸಿದ ಕೊಡದಿಂದಲೇ ಕುಡಿ ಎಂದ. ಊಟದ ಹೊತ್ತಿಗೆ ಕೊಯ್ಯುವವರ ಸಾಲಿನಲ್ಲೇ ಕೂರಿಸಿದ. ಕಟ್ಟಿನಿಂದ ಕೆಲವು ತೆನೆ ಬೇಕೆಂದೇ ಬೀಳಿಸಿ, ಗದರಿಸಬೇಡಿ ಎಂದ. ಆಕೆ ಆ ಸಂಜೆ ಬಡಿದು ಅಳೆದಾಗ ಒಂದು ಏಫಾ ಜವೆಗೋದಿ, ಸುಮಾರು 22 ಲೀಟರ್ ಹಿಡಿಯುವ ಅಳತೆ. ಗಮನಿಸಬೇಕಾದದ್ದು, ಗಂಡಾಳುಗಳಿಗೆ ಅಪ್ಪಣೆ ಕೊಟ್ಟದ್ದು ಏನೂ ಅನಾಹುತ ಆಗುವ ಮೊದಲೇ. ಎಚ್ಚರಿಕೆ ಹೇಳಿದ್ದು ಗಂಡಸರಿಗೆ. ಹುಡುಗಿ ನೀನು ಜೋಪಾನ ಎಂಬ ಉಪದೇಶಕ್ಕೆ ನಿಲ್ಲಲಿಲ್ಲ.

ನೀರಿನ ಮಾತು ಚಿಕ್ಕದಾಗಿ ಕಾಣುತ್ತದೆ. ಚಿಕ್ಕದಲ್ಲ. ಕುಯ್ಲಿನ ಬ್ಲಾಕ್ ಲೈನ್ ಮನೆಯಿಂದ ಒಂದು ಕಿಲೋಮೀಟರ್ ದೂರ ಇದ್ದರೆ ಶೌಚಾಲಯವೂ ಅಷ್ಟೇ ದೂರ. ಹೋಗಿ ಬರುವುದಕ್ಕೆ ಅರ್ಧ ಗಂಟೆ, ಕಿಲೋ ಲೆಕ್ಕದಲ್ಲಿ ಅದು ನಷ್ಟ. ಹಾಗಾಗಿ ಹೆಂಗಸರು ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಉರಿಮೂತ್ರ, ಸೊಂಟನೋವು, ತಲೆಸುತ್ತು ಬರುವುದು ಅದರಿಂದ. ಬರೀ ಕುಡಿಯುವ ನೀರಿನ ಡ್ರಮ್ ಇಟ್ಟರೆ ಪ್ರಯೋಜನವಿಲ್ಲ ಎಂದಾಯಿತು, ಎರಡನ್ನೂ ಒಟ್ಟಿಗೆ ಮಾಡಬೇಕು. ನಾಲ್ಕು ಅಡಿ ಚೌಕದ ಚೌಕಟ್ಟಿಗೆ ದಪ್ಪ ಟಾರ್ಪಲ್ ಕಟ್ಟಿ, ಒಳಗಿನಿಂದ ಚಿಲಕ ಹಾಕುವ ಬಾಗಿಲು ಇಟ್ಟು, ಬ್ಲಾಕ್ ಬದಲಾದಂತೆ ಸಾಗಿಸುವ ಗುಂಡಿ ಶೌಚಾಲಯ ಮಾಡಬಹುದು. ತೋಡು, ಬಾವಿಯಿಂದ ಕನಿಷ್ಠ 30 ಮೀಟರ್ ದೂರ ಇರಲಿ, ಇಳಿಜಾರಿನಲ್ಲಿ ನೀರಿನ ಮೇಲ್ಭಾಗಕ್ಕೆ ಬರಬಾರದು. ಎರಡು ಬಕೆಟ್ ನೀರು, ಸಾಬೂನು, ಮುಟ್ಟಿನ ಬಟ್ಟೆ ಹಾಕಲು ಮುಚ್ಚಳದ ಡಬ್ಬ. ದಿನಾ ಗುಂಡಿಗೆ ಬೂದಿಯನ್ನೋ ಮಣ್ಣನ್ನೋ ಎರಚಿದರೆ ವಾಸನೆ ಬರುವುದಿಲ್ಲ. ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಹೆಂಗಸರೇ ತೋರಿಸಲಿ. ಲಾರಿ ನಿಲ್ಲುವ ಜಾಗದ ಎದುರು ನಿಲ್ಲಿಸಿದ್ದನ್ನು ಯಾರೂ ಬಳಸುವುದಿಲ್ಲ.

ಆನೆ ಓಡಾಡುವ ಕಡೆ ಬೆಳಕು ಸರಿಯಾಗಿ ಹರಿಯುವ ಮೊದಲು ಹೆಂಗಸರನ್ನು ಒಂಟಿಯಾಗಿ ಬ್ಲಾಕಿಗೆ ಕಳಿಸಬೇಡಿ. ಮೊಲೆಯೂಡುವ ತಾಯಂದಿರಿಗೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವು ಕಾನೂನಿನಲ್ಲೇ ಇದೆ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದವಳಿಗೆ ಮೊದಲ ಎರಡು ಮಕ್ಕಳವರೆಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ ಇದೆ. ಚರ್ಚು ನಡೆಸುವ ಶಾಲೆಗಳೂ ಇದನ್ನು ದಾನದಂತೆ ಕೊಡಬೇಕಾಗಿಲ್ಲ, ಹಕ್ಕಿನಂತೆ ಕೊಡಬೇಕು.

ಕಿರುಕುಳದ ದೂರು ಬಂದಾಗ ಕ್ರೈಸ್ತ ಸಂಸ್ಥೆಗಳು ಎಡವುವುದು ಒಂದೇ ಕಡೆ. ಕ್ಷಮಿಸಬೇಕು ಎಂಬ ವಾಕ್ಯವನ್ನು ದೂರು ಕೊಟ್ಟವಳ ಮೇಲೆ ಹೊರಿಸಿ, ಇಬ್ಬರನ್ನೂ ಎದುರುಬದುರು ಕೂರಿಸಿ, ಪ್ರಾರ್ಥನೆ ಮಾಡಿ ಕಳಿಸುವುದು. ಇದು ಕ್ಷಮೆಯಲ್ಲ, ಬಾಯಿ ಮುಚ್ಚಿಸುವುದು. ನನಗೆ ಈ ವಿಷಯದಲ್ಲಿ ಎರಡು ಮಾತಿಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳೆಯೊಬ್ಬರು ಅಧ್ಯಕ್ಷರು, ಕನಿಷ್ಠ ಅರ್ಧದಷ್ಟು ಸದಸ್ಯರು ಮಹಿಳೆಯರು, ಹೊರಗಿನವರು ಒಬ್ಬರು. ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಮನೆಕೆಲಸದವರಿಗೂ, ಜಿಲ್ಲೆಯ ಸ್ಥಳೀಯ ಸಮಿತಿ. ಘಟನೆ ನಡೆದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು, ಬರೆಯಲು ಬಾರದವಳಿಗೆ ಸಮಿತಿ ಬರೆದುಕೊಳ್ಳಲು ನೆರವಾಗಬೇಕು. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ರಾಜಿ ಎಂಬುದು ಆಕೆಯೇ ಕೇಳಿದರೆ ಮಾತ್ರ, ಅದೂ ಹಣದ ಮಾತಿನ ಮೇಲೆ ಆಗುವಂತಿಲ್ಲ. ಸಮಿತಿಯವರ ಹೆಸರನ್ನು ಹಾಜರಿ ಕರೆಯುವ ಜಾಗದಲ್ಲಿ ಕನ್ನಡದಲ್ಲಿ ಬರೆದು ಹಾಕಿ, ಓದಿಯೂ ಹೇಳಿ.

ಹೆಂಗಸಿಗೆ ಮೇಲ್ವಿಚಾರಣೆ ಕೊಟ್ಟು ಎರಡೇ ವಾರದಲ್ಲಿ 'ಆಗಲಿಲ್ಲ' ಎಂದು ಹಿಂತೆಗೆಯುವ ತೋಟಗಳಿವೆ. ಆಗದ್ದಕ್ಕೆ ಕಾರಣ ಸಾಮಾನ್ಯವಾಗಿ ಆಕೆಯಲ್ಲಿ ಇರುವುದಿಲ್ಲ. ಹಳೆಯ ಮೇಸ್ತ್ರಿ ಪಕ್ಕದಲ್ಲೇ ಇರುತ್ತಾನೆ, ಜನ ಆಕೆ ಹೇಳಿದ್ದನ್ನು ಮತ್ತೆ ಅವನ ಹತ್ತಿರ ಕೇಳುತ್ತಾರೆ, ಅವನು ಬೇರೆ ಹೇಳುತ್ತಾನೆ, ಯಜಮಾನರೂ ಅವನಿಗೇ ಫೋನ್ ಮಾಡುತ್ತಾರೆ. ಮೊದಲ ಆರು ವಾರ ಯಜಮಾನರು ಹೇಳಬೇಕಾದ ಮಾತು ಒಂದೇ: 'ಅವರನ್ನೇ ಕೇಳಿ.' ಆಕೆ ತಪ್ಪಿದರೆ ಜನರ ಎದುರು ತಿದ್ದದೆ ಸಂಜೆ ಬೇರೆಯಾಗಿ ಮಾತಾಡಿ. ಇನ್ನೊಂದು, ಆಕೆಯ ಸ್ವಂತ ಓರಗಿತ್ತಿ, ನಾದಿನಿಯರು ಇರುವ ಗುಂಪನ್ನೇ ಮೊದಲು ಕೊಡಬೇಡಿ. ಮನೆಯ ಜಗಳ ತೋಟಕ್ಕೆ ಬರುತ್ತದೆ, ತೋಟದ್ದು ಮನೆಗೆ ಹೋಗುತ್ತದೆ.

ಕಚೇರಿ, ಶಾಲೆಗಳಲ್ಲಿ ತಪ್ಪು ಬೇರೆ ರೂಪದಲ್ಲಿ ಬರುತ್ತದೆ. 'ಸಿಸ್ಟರ್ ಎಲ್ಲ ಚೆನ್ನಾಗಿ ನೋಡಿಕೊಳ್ತಾರೆ' ಎಂದು ಹೊಗಳಿ ಚಹಾ, ಅತಿಥಿ ಸತ್ಕಾರ, ಬೀಳ್ಕೊಡುಗೆಗೆ ಹಣ ಎತ್ತುವುದು, ಅಳುವ ಮಗುವನ್ನು ಸಮಾಧಾನ ಮಾಡುವುದು, ಎಲ್ಲ ಮಹಿಳಾ ಸಿಬ್ಬಂದಿಯ ಪಾಲಿಗೆ ಬೀಳುತ್ತದೆ. ಆರೈಕೆ ದೊಡ್ಡ ವರ, ಅನುಮಾನವಿಲ್ಲ. ಒಂದು ತಿಂಗಳು ಇಂಥ ಕೆಲಸಗಳ ಗಂಟೆ ಬರೆದಿಡಿ. ವಾರಕ್ಕೆ ನಾಲ್ಕು ಗಂಟೆ ಬಂದರೆ ತಿಂಗಳಿಗೆ ಎರಡು ಪೂರ್ತಿ ದಿನದ ಕೆಲಸ. ಅದನ್ನು ಸರದಿಯಲ್ಲಿ ಎಲ್ಲರಿಗೂ ಹಂಚಿ, ಇಲ್ಲವೇ ಕೆಲಸದ ವಿವರಣೆಯಲ್ಲಿ ಸೇರಿಸಿ ಸಂಬಳ ಕೊಡಿ. ಹೋಂಸ್ಟೇಗಳದ್ದೂ ಇದೇ ಕಥೆ. ನಾಲ್ಕು ಕೋಣೆ ಇದ್ದು, ಒಂದೊಂದಕ್ಕೆ 40 ನಿಮಿಷದಂತೆ ಶುಚಿ ಮಾಡಲು 160 ನಿಮಿಷ, ಕಡುಬು, ನೂಪುಟ್ಟು ಎಂದು ಬೆಳಗಿನ ತಿಂಡಿಗೆ ಎರಡು ಗಂಟೆ, ಫೋನು ವಿಚಾರಣೆಗೆ ಒಂದು ಗಂಟೆ ಎಂದರೆ ದಿನಕ್ಕೆ 5 ಗಂಟೆ 40 ನಿಮಿಷ. ನೋಂದಣಿ ಮತ್ತು ಬ್ಯಾಂಕ್ ಖಾತೆ ಗಂಡನ ಹೆಸರಿನಲ್ಲಿ ಮಾತ್ರ ಇದ್ದರೆ ಇಷ್ಟು ದುಡಿಮೆ ಯಾವ ಲೆಕ್ಕದಲ್ಲೂ ಕಾಣುವುದಿಲ್ಲ. ಫಿಲಿಪ್ಪಿಯಲ್ಲಿ ಬೆಲೆಬಾಳುವ ಕೆನ್ನೀಲಿ ವಸ್ತ್ರ ಮಾರುತ್ತಿದ್ದ ಲುದ್ಯಳ ವ್ಯಾಪಾರವನ್ನು ಅಪೊಸ್ತಲರ ಕೃತ್ಯಗಳು ಆಕೆಯ ಹೆಸರಿನಲ್ಲೇ ಬರೆದಿದೆ. ಖಾತೆ ಜಂಟಿಯಾಗಲಿ, ನೋಂದಣಿಯಲ್ಲಿ ಆಕೆಯ ಹೆಸರು ಬರಲಿ.

ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯಕ್ಕೆ 1792ರಷ್ಟು ಹಿಂದಿನ ಚರಿತ್ರೆ ಇದೆ, ಅದು ಹೆಣ್ಣಿನ ಹೆಸರು ಹೊತ್ತ ದೇವಾಲಯ. ಸಭೆಯ ಲೆಕ್ಕಪತ್ರ, ಕಟ್ಟಡ ಸಮಿತಿ, ಶಾಲಾ ಆಡಳಿತ ಎಂದಾಗ ಮಾತ್ರ ಹೆಂಗಸರ ಹೆಸರು ಎರಡೋ ಮೂರೋ ಸಿಗುತ್ತವೆ. ಬೆಲೆ ಕಟ್ಟುವ ಕಣ್ಣು ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಅಲ್ಲೇ. ಮುಂದಿನ ವಾರ್ಷಿಕ ಸಭೆಗೆ ಖರೀದಿ ಸಮಿತಿಯಲ್ಲಿ ಇಬ್ಬರು ಹೆಂಗಸರನ್ನಾದರೂ ಸೇರಿಸಿ. ಒಬ್ಬರೇ ಇದ್ದರೆ ಮಾತು ಏಳುವುದಿಲ್ಲ.

ಕೊನೆಗೆ ಕೂಲಿ. ಒಂದೇ ಕೆಲಸಕ್ಕೆ ಗಂಡಿಗೆ ಹೆಚ್ಚು, ಹೆಣ್ಣಿಗೆ ಕಡಿಮೆ ಕೊಡುವುದನ್ನು 1976ರಲ್ಲೇ ಕಾನೂನು ನಿಷೇಧಿಸಿದೆ. ಆದರೂ ದಿನಗೂಲಿಯಲ್ಲಿ ವ್ಯತ್ಯಾಸ ಉಳಿದಿದೆ. ಮರಗಸಿ, ಅಂದರೆ ನೆರಳಿನ ಮರ ಹತ್ತಿ ಕೊಂಬೆ ಕಡಿಯುವುದು, ಅಪಾಯದ ಕೆಲಸ, ಅದಕ್ಕೆ ಹೆಚ್ಚು ಕೂಲಿ ಇರಲಿ, ಸರಿ. ಆದರೆ ಚಿಗುರು ತೆಗೆಯುವುದು, ಕಳೆ, ಗೊಬ್ಬರ, ಕಣದ ಕೆಲಸಗಳಿಗೆ ಎರಡು ದರ ಇಟ್ಟುಕೊಳ್ಳಲು ಕಾರಣವೇ ಇಲ್ಲ. ಕೂಲಿಯನ್ನು ರಾತ್ರಿ ದಾಟಿಸಬೇಡ ಎಂದು ಯಾಜಕಕಾಂಡ 19:13 ಹೇಳುತ್ತದೆ, ತಡೆಹಿಡಿದ ಕೂಲಿಯೇ ಕೂಗುತ್ತದೆ ಎಂದು ಯಾಕೋಬನ ಪತ್ರ 5:4. ದರಪಟ್ಟಿಯನ್ನು ಕೆಲಸದ ಹೆಸರಿನ ಎದುರು ಬರೆಯಿರಿ, ಗಂಡು ಹೆಣ್ಣು ಎಂಬ ಕಾಲಮ್ಮೇ ಬೇಡ. ವಾರದ ಬಟವಾಡೆ ಸಂತೆಗೆ ಮೊದಲು ಆಗಲಿ, ತಡವಾದರೆ ಅಂಗಡಿಯ ಸಾಲ ಶುರುವಾಗುತ್ತದೆ.

ಹಣ ಯಾರ ಕೈಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಇಡೀ ಕುಟುಂಬದ ಕೂಲಿಯನ್ನು ಗಂಡನಿಗೋ ಮೇಸ್ತ್ರಿಗೋ ಒಟ್ಟಿಗೆ ಕೊಡುವ ರೂಢಿ ಸುಲಭ, ಆದರೆ ಆಕೆಯ ಹೆಸರಿನ ಎದುರು ಸಹಿ ಬೇರೆಯವರದ್ದಾಗಿರುತ್ತದೆ. ಒಬ್ಬೊಬ್ಬರಿಗೂ ಬೇರೆ ಖಾತೆ ಮಾಡಿಸಿ. ಕನಿಷ್ಠ ಶಿಲ್ಕು ಬೇಡದ ಜನಧನ ಖಾತೆ ಸಾಕು. ಕೆಲಸದ ದಿನ ಬ್ಯಾಂಕಿಗೆ ಹೋಗುವ ಅರ್ಧ ದಿನಕ್ಕೆ ಕೂಲಿ ಕಡಿಯಬೇಡಿ, ಗೋಣಿಕೊಪ್ಪಕ್ಕೋ ಸುಂಟಿಕೊಪ್ಪಕ್ಕೋ ಹೋಗುವ ತೋಟದ ಜೀಪಿನಲ್ಲಿ ಏಳೆಂಟು ಜನರನ್ನು ಒಟ್ಟಿಗೆ ಕಳಿಸಿ. ಖಾತೆ ಆದ ಮೇಲೂ ಒಂದು ತೊಡಕು ಉಳಿಯುತ್ತದೆ. ಎಟಿಎಂ ಕಾರ್ಡು ಮತ್ತು ಗುಪ್ತ ಸಂಖ್ಯೆ ಮೇಸ್ತ್ರಿಯ ಬಳಿ 'ಜೋಪಾನಕ್ಕೆ' ಸೇರಿಬಿಡುತ್ತವೆ, ಮುಂಗಡದ ನೆಪವೂ ಅದಕ್ಕೆ ಜೊತೆಯಾಗುತ್ತದೆ. ಮೂರು ತಿಂಗಳಿಗೊಮ್ಮೆ ಬಟವಾಡೆಯ ದಿನ ಪಾಸ್‌ಬುಕ್ ತರಲು ಹೇಳಿ, ತೋಟದ ಪುಸ್ತಕದ ಮೊತ್ತವನ್ನೂ ಅದರ ಮೊತ್ತವನ್ನೂ ಆಕೆಯ ಎದುರೇ ತಾಳೆ ನೋಡಿ. ಯಾರದು ಬರಲಿಲ್ಲವೋ ಅವರದ್ದು ಯಾರ ಹತ್ತಿರ ಇದೆ ಎಂದು ಆ ಸಂಜೆಯೇ ವಿಚಾರಿಸಿ.